ಕುಂಕುಮ ಹಚ್ಚಿದ ಕ್ಯಾಸೆಟ್ಟು

ಹಳೆಯ ಪಂಕ್ ರಾಕ್ ಹಾಡುಗಳನ್ನು ಹುಡುಕುವವನೊಬ್ಬ ಕಳೆದ ತಿಂಗಳು ಫೋನ್ ಮಾಡಿದ. ಕಾಲೇಜಿನಲ್ಲಿದ್ದಾಗ ನಾವು ನಾಲ್ವರು ಸೇರಿ ಮಾಡಿದ ರೆಕಾರ್ಡಿಂಗ್ ಉಳಿದಿದೆಯೇ ಎಂದು ಹಿಂದಿಯಲ್ಲಿ ಕೇಳಿದ. ಇಲ್ಲ ಎಂದೆ.

ಆಗ ನಮ್ಮದು ಜೋಗೇಶ್ವರಿಯ ಚಾಳು. ಅಪ್ಪ ಕಟ್ಟಡಗಳಲ್ಲಿ ಗಾರೆ ಹೊರುತ್ತಿದ್ದ. ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಅದನ್ನು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ. ಅವ್ವನಿಗೂ ವಿಜಯಪುರದ ಕಡೆ ಹಳ್ಳಿಯಲ್ಲಿದ್ದ ಅಜ್ಜಿಗೂ ಅಕ್ಷರ ಬಾರದು. ಅವರ ಪತ್ರವೆಂದರೆ ಕ್ಯಾಸೆಟ್ಟು. ಊರಿಗೆ ಹೋಗಿಬರುವವರ ಕೈಯಲ್ಲಿ ಅದು ಬರುತ್ತಿತ್ತು. ಕೇಳಿದ ಮೇಲೆ ಅದರ ಮೇಲೆಯೇ ಉತ್ತರ ತುಂಬಿ ಕಳಿಸುವುದು ರೂಢಿ.

ಕೇಳಿ ಮುಗಿದ ಅಂಥದೊಂದನ್ನು ನಾನು ಒಯ್ದೆ. ಭಾನುವಾರ ರಜೆಯಿದ್ದ ತಗಡಿನ ವರ್ಕ್‌ಶಾಪಿನಲ್ಲಿ ಡ್ರಮ್ಮಿಲ್ಲದೆ ಅಲ್ಲಿನ ತಗಡನ್ನೇ ಬಡಿದು, ಗಂಟಲು ಹರಿಯುವಂತೆ ಒದರಿ ಮೂರು ಹಾಡು ತುಂಬಿದೆವು. ಎಂಟು ದಿನಕ್ಕೆ ಅಜ್ಜಿ ತೀರಿದ ಸುದ್ದಿ ಬಂತು. ಅಜ್ಜಿಯ ಕೊನೆಯ ದನಿ ಅದರಲ್ಲಿದೆಯೆಂದು ಅವ್ವ ಆ ಕ್ಯಾಸೆಟ್ಟಿಗೆ ಕುಂಕುಮ ಹಚ್ಚಿದಳು.

"ಹಾಕು, ದನಿ ಕೇಳೂಣು."

"ಫಂಗಸ್ ಹಿಡದೈತಿ ಅವ್ವಾ. ಹಾಕಿದ್ರ ಹರೀತೈತಿ."

ಬಿ.ಕಾಂ. ಓದುವ ಮಗನ ಮಾತು. ನಂಬಿದಳು. "ರಿಪೇರಿ ಮಾಡೋರು ಸಿಕ್ಕಾರು. ಓದಿದಂವ ಅದಿ, ನಿನ್ನ ಹಂತೇಕ ಇರ್ಲಿ."

ಮೂವತ್ತು ವರ್ಷ ಇಟ್ಟುಕೊಂಡೆ. ಎಸೆಯಲು ಧೈರ್ಯವಿರಲಿಲ್ಲ, ಕೇಳಲೂ ಇರಲಿಲ್ಲ.

ಫೋನ್ ಬಂದ ಮೇಲೆ ಎಸೆದೇಬಿಡಬೇಕು ಎನಿಸಿತು. ಆ ಮನುಷ್ಯ ಚೆಂಬೂರಿನ ಈ ಮನೆಗೇ ಬಂದು ಅವ್ವನ ಮುಂದೆ ಕೇಳಿದರೆ? ಮರುದಿನ ಮಧ್ಯಾಹ್ನ ಅವಳು ಮಲಗಿದ್ದಾಗ ಸ್ಟೂಲ್ ಹತ್ತಿ ಅಟ್ಟ ತಡಕಿದೆ. ಸಿಕ್ಕಿತು. ಇಳಿಯುವಾಗ ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಅದು ನಮ್ಮವ್ವಂದಲ್ಲ? ರಿಪೇರಿಗೆ ಒಯ್ತಿಯೇನು?"

"ಹ್ಞೂಂ."

"ಮೊದ್ಲ ಒಮ್ಮೆ ಹಾಕಿ ನೋಡು. ಹರದ್ರ ಹರೀಲಿ. ನಾ ಇನ್ನ ಎಷ್ಟ ದಿನ ಇರ್ತೀನಿ?"

ವಚನ ಕೇಳಲು ಅವಳು ಜೋಪಾನ ಮಾಡಿದ್ದ ಟೇಪ್ ರೆಕಾರ್ಡರ್ ಅಲ್ಲೇ ಇತ್ತು. ಕೆಟ್ಟಿದೆ ಎನ್ನುವಂತಿರಲಿಲ್ಲ, ಬೆಳಿಗ್ಗೆಯಷ್ಟೇ ಹಾಡಿತ್ತು. ಗುಂಡಿ ಒತ್ತಿದೆ.

ಕರಕರ ಸದ್ದು. ಆಮೇಲೆ, "ಎಲ್ಲಾರೂ ಆರಾಮ ಅದೀರೇನು? ಮಗಳ, ನಾ..."

ಅಜ್ಜಿಯ ದನಿ. ಅಂದು ಟೇಪನ್ನು ತುಸು ಮುಂದೆ ಓಡಿಸಿ ರೆಕಾರ್ಡ್ ಒತ್ತಿದ್ದೆವು, ಅಷ್ಟು ಉಳಿದಿತ್ತು. ಮರುಕ್ಷಣ ತಗಡು ಬಡಿಯಿತು, ಕತ್ತು ಕುಯ್ದಂತೆ ಯಾರೋ ಕಿರುಚಿದರು. ಬಂದ್ ಮಾಡಿದೆ.

ಅವ್ವ ನನ್ನ ಕಡೆ ತಿರುಗಿದಳು. "ಯಾರದು?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ನಾನ ಅವ್ವಾ. ಅಳಿಸಿದಂವ ನಾನ. ಫಂಗಸ್ ಇರ್ಲಿಲ್ಲ."

ಬೈಯಲಿಲ್ಲ. ಬೈದಿದ್ದರೆ ಉಸಿರಾಡುತ್ತಿದ್ದೆ.

"ಮತ್ತ ಹಾಕು."

ಹಾಕಿದೆ. ನನ್ನ ಕಿರುಚಾಟ ಶುರುವಾಗುವ ಮುನ್ನವೇ ಬಂದ್ ಮಾಡಲು ಬೆರಳು ಮುಂದಾಯಿತು. ಅವ್ವ ಕೈ ಹಿಡಿದಳು.

"ಬಿಡು. ನನ್ನ ಪಾಲಿಂದು ನಾ ಕೇಳಿನಿ. ನಿಂದು ನೀ ಕೇಳು."

ಮೂರೂ ಹಾಡು ಮುಗಿಯುವವರೆಗೆ ಅವಳು ಕೈ ಬಿಡಲಿಲ್ಲ.