ಭಾಗವತರ ಸ್ವರ ತಿದ್ದಿದ್ದು

ಮಂಜೇಶ್ವರದ ರೈಲು ಹಳಿಯ ಹತ್ತಿರ, ಒಂದು ಅಂಗಡಿಯ ಮಾಳಿಗೆಯಲ್ಲಿ ನನ್ನ ಸ್ಟುಡಿಯೋ. ಸ್ಟುಡಿಯೋ ಎಂದು ಕರೆಯುವವನು ನಾನೊಬ್ಬನೇ. ಗೋಡೆಗೆ ಹಳೆ ಹಾಸಿಗೆ ಹೊಡೆದ ಒಂದು ಕೋಣೆ, ಎರಡು ಮೈಕು, ಒಂದು ಲ್ಯಾಪ್‌ಟಾಪು. ರೈಲು ಬಂದರೆ ಹಾಡುವವರು ಬಾಯಿ ಮುಚ್ಚಿ ಕೂರಬೇಕಿತ್ತು. ಆಮೇಲೆ ತನ್ನಷ್ಟಕ್ಕೇ ಮಿಕ್ಸಿಂಗ್ ಮಾಡುವ ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡೆ. ಒಂದು ಗುಂಡಿ ಒತ್ತಿದರೆ ಸಾಕು, ಭಜನೆಯ ಹಿಂದಿನಿಂದ ರೈಲೇ ಮಾಯ. ಅವತ್ತು ನಾನು ಕುಣಿದದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೊಸಬರಿಗೆ ಇಂಥದ್ದು ಉಪಯೋಗವೇ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಉಪಯೋಗವೇ, ಧಾರಾಳ. ಎರಡು ವರ್ಷ ನನ್ನ ಕೆಲಸವನ್ನೆಲ್ಲ ಅದೇ ಮಾಡಿತು, ಹೊಗಳಿಕೆ ಮಾತ್ರ ನಾನು ತೆಗೆದುಕೊಂಡೆ. ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ನನ್ನ ಕಿವಿ ಒಂದು ದಿನವೂ ಕಷ್ಟಪಡಲಿಲ್ಲ. ಅದು ಕಲಿಯದೆ ಉಳಿಯಿತು. ಇನ್ನು ಕಲಿತೀತು ಎಂಬ ನಂಬಿಕೆಯೂ ನನಗಿಲ್ಲ.

ಭಾಗವತರು ಬಂದದ್ದು ಆ ದಿನಗಳಲ್ಲಿ. ನೆಕ್ರಾಜೆ ಊರಿನವರು, ಜೀವಮಾನವಿಡೀ ಯಕ್ಷಗಾನ ತಾಳಮದ್ದಳೆಗಳಲ್ಲಿ ಪದ ಹೇಳಿದವರು; ಹಾಡುವುದಕ್ಕೆ ನಮ್ಮ ಕಡೆ ಪದ ಹೇಳುವುದೆಂದೇ ಮಾತು. ಗಂಟಲಿನ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಸ್ವರ ಇರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು.

"ಒಂದು ನಾಲ್ಕು ಪದ ಹಿಡಿದಿಡು ಮಾರಾಯ. ಮತ್ತೆ ನನಗೇ ಕೇಳ್ಲಿಕ್ಕೆ ಬೇಕಲ್ಲ," ಎಂದರು.

ಶ್ರುತಿಪೆಟ್ಟಿಗೆ ಹಾಕಿ, ಕಣ್ಣು ಮುಚ್ಚಿ, ಜಾಗಟೆ ಬಡಿಯುತ್ತ ಹೇಳಿದರು. ಸ್ವರ ಒಡೆದಿತ್ತು. ಮೇಲಿನ ಸ್ವರಕ್ಕೆ ನೇರ ಹೋಗದೆ, ಕೆಳಗಿನಿಂದ ನಿಧಾನಕ್ಕೆ ಎಳೆದುಕೊಂಡು ಹೋಗುವ ಒಂದು ಕ್ರಮ ಅವರದ್ದು. ಅದನ್ನು ಕೇಳಲೆಂದೇ ಜನ ದೂರದೂರದಿಂದ ಬರುತ್ತಿದ್ದರಂತೆ.

ಅವರು ಬಸ್ಸು ಹತ್ತಿದ ಮೇಲೆ ನಾನು ಗುಂಡಿ ಒತ್ತಿದೆ. ಶ್ರುತಿಪೆಟ್ಟಿಗೆಯ ಒಂದೇ ಸಮನೆ ಮೊರೆಯುವ ನಾದವನ್ನು ಸಾಫ್ಟ್‌ವೇರ್ ಫ್ಯಾನಿನ ಸದ್ದೆಂದು ತಿಳಿದು ತೆಗೆದುಹಾಕಿತು. ಎಳೆದ ಸ್ವರಗಳನ್ನೆಲ್ಲ ತಪ್ಪೆಂದು ನೇರ ಮಾಡಿತು. ಉಸಿರು ಹೋಯಿತು, ಒಡಕು ಹೋಯಿತು. ಪೂರ್ತಿ ಕೇಳಿದೆ. ಏನು ಹೇಳಲಿ, ನನಗೆ ಚೆಂದವೇ ಕೇಳಿಸಿತು. ಇನ್ನು ಮೂಲ ರೆಕಾರ್ಡಿಂಗ್ ಯಾಕೆ, ಲ್ಯಾಪ್‌ಟಾಪಿನಲ್ಲಿ ಜಾಗವೂ ಇಲ್ಲವೆಂದು ಅದನ್ನು ಅಳಿಸಿಬಿಟ್ಟೆ. ಆ ಕೆಲಸವನ್ನು ಮಾತ್ರ ಸಾಫ್ಟ್‌ವೇರ್ ಮಾಡಲಿಲ್ಲ, ನಾನೇ ಮಾಡಿದೆ.

ಆಪರೇಷನ್ ಆಗಿ ಒಂದು ತಿಂಗಳಿಗೆ ನೆಕ್ರಾಜೆಗೆ ಹೋದೆ. ಭಾಗವತರು ಜಗಲಿಯಲ್ಲಿ ಕೂತಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ, ಮಾತಿಗೆ ಬದಲು ಕೈಯಲ್ಲೊಂದು ನೋಟ್‌ಬುಕ್ಕು. ತಿದ್ದಿದ ವಿಷಯ ಹೇಳದೆ ಹೆಡ್‌ಫೋನ್ ತೊಡಿಸಿದೆ. ನಾಲ್ಕೂ ಪದ ಕೇಳಿದರು. ತೊಡೆಯ ಮೇಲೆ ತಾಳ ಹಾಕಿದರು, ಒಂದೆರಡು ಕಡೆ ತಲೆಯನ್ನೂ ತೂಗಿದರು. ಮೂರ್ಖ ನಾನು, ಎದೆಯುಬ್ಬಿಸಿಕೊಂಡು ಕೂತಿದ್ದೆ.

ಮುಗಿದ ಮೇಲೂ ಅವರು ಹೆಡ್‌ಫೋನ್ ತೆಗೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು.

"ಪ್ರಾಯದ ಹುಡುಗ, ಲಾಯ್ಕ ಹೇಳ್ತಾನೆ. ಇನ್ನು ನನ್ನದು ಹಾಕು ಮಾರಾಯ."