ಕಾಡುಕುದುರೆಗೆ ಲಾಳ

ಮೊನ್ನೆ ಡೊಂಬಿವಲಿ ಸ್ಟೇಷನ್ ಹೊರಗೆ ಮದುವೆ ದಿಬ್ಬಣದ ಕುದುರೆಯೊಂದು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ನನ್ನ ರಿಕ್ಷಾದ ಪಕ್ಕದಲ್ಲೇ ನಿಂತಿತ್ತು. ಬೆವರು, ಹುಲ್ಲು, ಲದ್ದಿ ಕೂಡಿದ ವಾಸನೆಗೆ ಜನ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ವಿಠ್ಠಲವಾಡಿ ಚಾಳಿನ ಪಕ್ಕದ ಮನೆಯ ಕಾಕಾ ನೆನಪಾದರು…

ಕಾಕಾ ವಿಜಯಪುರದವರು. ಊರಿನಲ್ಲಿ ಟಾಂಗಾ ಕುದುರೆಗಳಿಗೆ ಲಾಳ ಹೊಡೆಯುವುದು ಮನೆತನದ ಕಸುಬು. ಇಲ್ಲಿ ಶಹಾಡಿನ ಕಾರ್ಖಾನೆಯಲ್ಲಿ ಲೋಡಿಂಗ್. ಟಾಂಗಾಗಳು ನಿಂತ ಕಾಲದಲ್ಲಿ ಯಾರೋ ಬಿಟ್ಟುಹೋದ ಕುದುರೆಗಳು ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯ ಸಾರ್ವಜನಿಕ ಉದ್ಯಾನದಲ್ಲಿ ಮರಿ ಹಾಕಿ, ಹನ್ನೊಂದರ ಹಿಂಡಾಗಿ ಕಾಡುಕುದುರೆಗಳಂತೆ ಬೆಳೆದಿದ್ದವು. ಅವುಗಳನ್ನು ಪಾಲಿಕೆಯವರು ಹಿಡಿದು ಸಾಗಿಸುತ್ತಾರೆಂಬ ಸುದ್ದಿ ಬಂದದ್ದೇ ಕಾಕಾ ಊಟ ಬಿಟ್ಟರು.

“ತಂಗೀ, ನಿನಗ ಮರಾಠಿ ಬರೀಲಿಕ್ಕೆ ಬರ್ತದ. ಇವು ಇಲ್ಲೇ ಇರ್ಲಿ ಅಂತ ಒಂದ್ ಕಾಯ್ದೆ ಮಾಡಿಸವ್ವಾ.”

ನಾನು ಉಡುಪಿ ಕಡೆಯವಳು, ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಕಾಯ್ದೆ ಮಾಡಿಸುವುದೆಂದರೆ ಚಹಾ ಮಾಡಿದಷ್ಟು ಸಲೀಸು ಅಂದುಕೊಂಡಿದ್ದರು, ಪುಣ್ಯಾತ್ಮ!

ಬರೆದೆ. ಎರಡು ವರ್ಷ ಅರ್ಜಿ ಬರೆದೆ. ಮನುಷ್ಯರ ಕೈ ಸೋಕದ, ಒಡೆಯರಿಲ್ಲದ ಕುದುರೆಗಳಿವು ಎಂದೆ. ಕೊನೆಗೂ ನಿಯಮದ ಕರಡು ಸಿದ್ಧವಾಯಿತು: ಒಡೆಯರಿಲ್ಲದ ಕುದುರೆಗಳನ್ನು ಉದ್ಯಾನದಿಂದ ಯಾರೂ ಹಿಡಿದೊಯ್ಯುವಂತಿಲ್ಲ. ಪಾಲಿಕೆಯ ಸಾಹೇಬರು ಒಮ್ಮೆ ಬಂದು ಕಣ್ಣಾರೆ ನೋಡುವುದಷ್ಟೇ ಬಾಕಿ.

ಆ ದಿನ ಕಾಂಕ್ರೀಟ್ ದಾರಿಯ ಮೇಲೆ ಟಕ್ ಟಕ್ ಸದ್ದು ಕೇಳಿ ತಿರುಗಿದೆ. ನಾಲ್ಕು ಕುದುರೆಗಳ ಕಾಲಲ್ಲಿ ಹೊಸ ಲಾಳ! ಕಾಕಾ ತಿಂಗಳಿಡೀ ಬೆಲ್ಲ ತಿನ್ನಿಸಿ ಪಳಗಿಸಿದ್ದರಂತೆ. ಹೆಣ್ಣು ನೋಡಲು ಬರುವವರಿಗೆ ಸಿಂಗರಿಸಿದ ಹಾಗೆ ಸಿಂಗರಿಸಿದ್ದಾರೆ ಅಂದುಕೊಂಡೆ.

ಇದನ್ನು ಹೊಡೆದವರು ಯಾರೆಂದು ಸಾಹೇಬರು ಕೇಳಿದರು.

“ಮೈನೇ, ಸಾಬ್,” ಎಂದರು ಕಾಕಾ, ಎದೆಯುಬ್ಬಿಸಿ.

ಪಳಗಿದ ಹಿಂಡು, ಯಾರದೋ ಸೊತ್ತು, ನಿಯಮ ಅನ್ವಯಿಸದು ಎಂದು ಸಾಹೇಬರು ಬರೆದುಕೊಂಡರು. ಮರುವಾರ ಲಾರಿ ಬಂದು ಹನ್ನೊಂದನ್ನೂ ಒಯ್ದಿತು.

“ಎಂತ ಮಾಡಿದ್ರಿ ಮಾರಾಯ್ರೆ! ಅವುಗಳ ಮನೆ ನೀವೇ ಹಾಳು ಮಾಡಿದ್ರಿ!” ಎಂದು ಇಡೀ ಚಾಳಿನೆದುರು ಕೂಗಾಡಿದೆ.

ಕಾಕಾ ತಲೆಯೆತ್ತಲಿಲ್ಲ. “ಕಾಂಕ್ರೀಟಿನ ಮ್ಯಾಲ ಗೊರಸು ಸೀಳಿ ರಕ್ತ ಬರ್ತಿತ್ತು ತಂಗೀ… ಕುಂಟತಿದ್ವು. ನೋಡ್ಕೋತ ಹ್ಯಾಂಗ ಕುಂಡ್ರಲಿ?”

ನಾನು ಬಾಗಿಲು ಹಾಕಿಕೊಂಡೆ. ಆ ವರ್ಷವೇ ಅವರು ಊರಿಗೆ ಹೋದರು… ಮುಂದೆ ಬಂದದ್ದು ಸಾವಿನ ಸುದ್ದಿ.

ನಿಯಮವೇನೋ ಆಮೇಲೆ ಜಾರಿಗೆ ಬಂತು. ಇಂದಿಗೂ ಅದರ ಬೋರ್ಡು ಉದ್ಯಾನದಲ್ಲಿದೆ, ಕುದುರೆಗಳಿಲ್ಲ. ತಪ್ಪಾಯಿತು ಎನ್ನಲು ಕಾಕಾನೂ ಇಲ್ಲ. ಎರಡು ವರ್ಷ ಆ ಕುದುರೆಗಳ ಬಗ್ಗೆ ಪುಟಗಟ್ಟಲೆ ಬರೆದ ನಾನು ಒಂದು ದಿನವೂ ಅವುಗಳ ಕಾಲು ನೋಡಿರಲಿಲ್ಲ.