ಸುಣ್ಣಕಟ್ಟಿನ ಕೋಣೆ

ಕೂಟಗಲ್ಲಿನ ದೊಡ್ಡಲಕ್ಷ್ಮಮ್ಮನವರೊಡನೆ ಮೊದಲ ಮಾತುಕತೆ ಏರ್ಪಾಡಾದದ್ದು ಅವರ ಸೊಸೆ ನಯನಾ ಮೂಲಕ. ರೇಷ್ಮೆಹುಳು ಸಾಕಿದ ಹೆಂಗಸರ ನೆನಪುಗಳನ್ನು ದಾಖಲಿಸುವ ಕೆಲಸವದು. ಅತ್ತೆ ಒಂದು ಕರಾರಿನ ಮೇಲೆ ಒಪ್ಪಿದರು: ಮಾತು ಜಗಲಿಯಲ್ಲೇ ಆಗಬೇಕು, ಯಾರೂ ಒಳಕೋಣೆಗೆ ಕಾಲಿಡಕೂಡದು. ಕಾರಣ ತಿಳಿದದ್ದು ಆಮೇಲೆ.

ಹಿಂದೆ ಹುಳದ ಮನೆಯಾಗಿದ್ದ ಆ ಕೋಣೆಯಲ್ಲಿ ಈಗ ಮೊಮ್ಮಗಳು ನವ್ಯಶ್ರೀ ಮಲಗುತ್ತಿದ್ದಳು. 2023ರ ಮಳೆಗಾಲದಲ್ಲಿ ಮಂಚದ ಹಿಂದಿನ ಗೋಡೆಯಲ್ಲಿ ಬಿಳಿ ಬೂಷ್ಟು ಮೂಡಿತು. ಮಗುವಿಗೆ ಉಬ್ಬಸ ಶುರುವಾಯಿತು.

ಆ ಬಿಳುಪನ್ನು ದೊಡ್ಡಲಕ್ಷ್ಮಮ್ಮ ಬಲ್ಲರು. ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಕೋಣೆಯಲ್ಲಿ ಗೂಡು ಕಟ್ಟುವ ಹಂತಕ್ಕೆ ಬಂದ ಹುಳುಗಳೆಲ್ಲ ಬೆಳ್ಳಗೆ ಸೆಟೆದು ಸತ್ತಿದ್ದವು. ಆ ರೋಗಕ್ಕೆ ಊರಲ್ಲಿ ಸುಣ್ಣಕಟ್ಟು ಎನ್ನುತ್ತಾರೆ. ಹಿತ್ತಿಲಲ್ಲಿ ಅವುಗಳನ್ನು ಹೂಳಿದವರು ಇವರೇ. ಗೋಡೆಯೊಳಗೆ ಹೊಂಚುಹಾಕಿದ್ದ ರೋಗವೀಗ ಮಗುವಿನ ಎದೆಗಿಳಿದಿದೆ ಎಂದುಕೊಂಡರು. ಹೆಸರೆತ್ತಿದರೆ ನಿಜವಾದೀತೆಂದು ಬಾಯಿಬಿಡಲಿಲ್ಲ.

ಹುಳುವಿನ ಕಾಲದ ಅಭ್ಯಾಸ ಕೈಬಿಡಲಿಲ್ಲ. ರೋಗ ಹೊರಗೆ ಹರಡದಿರಲೆಂದು ಕಿಟಕಿ ಮುಚ್ಚಿ ಸಂದಿಗೆ ಗೋಣಿ ತುರುಕಿದರು, ಹೊರಗಿನವರನ್ನು ಒಳಬಿಡದಾದರು. ಒಣ ಪೊರಕೆಯಿಂದ ಗೋಡೆ ಉಜ್ಜಿ ಸುಣ್ಣ ಬಳಿದರು. ಸುಣ್ಣ ಹಪ್ಪಳದಂತೆ ಎದ್ದು ಬೂಷ್ಟು ಇನ್ನೂ ಅಗಲವಾಯಿತು. ಉಜ್ಜಿದ ದಿನವೆಲ್ಲ ಮಗುವಿನ ಉಸಿರು ಸಿಳ್ಳೆ ಹಾಕುತ್ತಿತ್ತು. ಅದರ ಬೆರಳುಗಳು ಸೆಟೆದಿವೆಯೇ ಎಂದು ಅಜ್ಜಿ ಒತ್ತಿ ಒತ್ತಿ ನೋಡುವರು.

ಹಾಗೆ ಒತ್ತುವುದನ್ನು ಒಂದು ದಿನ ನಯನಾ ಕಂಡು, ಏನೆಂದು ಕೇಳಿದಳು.

"ಸುಣ್ಣಕಟ್ಟು ಕಣವ್ವ. ಮಗೀಗೆ ಬಂದ್ಬುಟ್ಟೈತೆ."

ನಯನಾ ನಗಲಿಲ್ಲ. "ಅದು ಹುಳೀನ ರೋಗ ಅತ್ತೆ, ಮನುಷ್ಯರಿಗೆ ಬರಾಕಿಲ್ಲ. ಇವಳಿಗೆ ಬೂಷ್ಟಿನ ಧೂಳು ಆಗಾಕಿಲ್ಲ ಅಂತ ಡಾಕ್ಟ್ರು ಅಂದವ್ರೆ. ನೀವು ಮಗೀನ ಇನ್ನೂ ಹುಳ ಸಾಕ್ದಂಗೆ ಸಾಕ್ತಾ ಇದ್ದೀರಿ."

"ಕಿಟಕಿ ತೆಗುದ್ರೆ ಊರ್ಗೆಲ್ಲ ಅಂಟ್ಕತದೆ."

"ಊರ್ ತುಂಬ ಗಾಳಿ ಐತೆ. ಇಲ್ದೆ ಇರೋದು ನಮ್ಮನೇಲಿ."

ಮಗುವನ್ನು ಪಡಸಾಲೆಯಲ್ಲಿ ಮಲಗಿಸಿದರು. ಗಾರೆ ಕೆಲಸದ ಗಫಾರ್ ಬಂದು, ಗೋಡೆಯ ಹಿಂದೆ ಬಚ್ಚಲಿನ ಪೈಪು ಸೋರುತ್ತಿದ್ದುದನ್ನು ಸರಿಪಡಿಸಿ, ಕೆಟ್ಟ ಗಾರೆಯನ್ನು ನೀರು ಚಿಮುಕಿಸಿ ಕೆತ್ತಿದ. ಉಳಿದ ಗೋಡೆಯನ್ನು ನಯನಾ ಮೂಗುಬಾಯಿ ಮುಚ್ಚಿ ಸೋಪಿನ ನೀರಿನಲ್ಲಿ ತಿಕ್ಕಿದಳು. ಪೂರಾ ಒಣಗುವತನಕ ಸುಣ್ಣ ಬೇಡವೆಂದಳು. ಕಿಟಕಿ ಮಾತ್ರ ಹಾಗೇ ಇತ್ತು. ಅದಕ್ಕೆ ಯಾರೂ ಕೈಹಾಕದಂತೆ ದೊಡ್ಡಲಕ್ಷ್ಮಮ್ಮ ಬಾಗಿಲಲ್ಲೇ ಕೂತಿದ್ದರು. ಪಡಸಾಲೆಯಲ್ಲಿ ಮಗುವಿನ ಸಿಳ್ಳೆ ಇಳಿಯುತ್ತಾ ಬಂದಿತು. ಅವರು ಬೆರಳೊತ್ತುವುದನ್ನು ಇಂದಿಗೂ ಬಿಟ್ಟಿಲ್ಲ.

ದಾಖಲೆಗೆ ಸೇರಿಸಿದ್ದು: 2023ರ ಡಿಸೆಂಬರ್ 17, ಭಾನುವಾರ. ಒಳಕೋಣೆಯ ಕಿಟಕಿಯ ಗೋಣಿಯನ್ನು ದೊಡ್ಡಲಕ್ಷ್ಮಮ್ಮನವರೇ ಕಿತ್ತರು.